ಜೇಡವನ್ನು ಎಳೆದೊಯ್ಯುವ ಕಡಜದ ಕುರಿತು

ಮೂಡಿಗೆರೆ

ಚಿ. ಸಿಂಚನಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸಕಲೇಶಪುರದ ನಿಮ್ಮ ತೋಟದ ಕಣದಲ್ಲಿ ನೀನು ತೆಗೆದ ಚಿತ್ರ ತಲುಪಿತು. ತನಗಿಂತ ದೊಡ್ಡ ಜೇಡವನ್ನು ಹಿಮ್ಮುಖವಾಗಿ ಎಳೆಯುತ್ತಿರುವ, ಹೊಟ್ಟೆಯ ತುದಿ ಕೆಂಪಾದ ಆ ಕಪ್ಪು ಕಡಜದ ಹೆಸರು ಕೇಳಿದ್ದೀಯ. ಅದು ಜೇಡಗಳನ್ನು ಬೇಟೆಯಾಡುವ ಕಡಜಗಳ ಪೊಂಪಿಲಿಡೇ ಕುಟುಂಬದ್ದು. ಹಿಡಿದಿರುವುದು ನಮ್ಮ ಗೋಡೆಗಳ ಮೇಲೆ ಓಡಾಡುವ ಚಪ್ಪಟೆ ದೊಡ್ಡ ಜೇಡವಾದ್ದರಿಂದ ಟ್ಯಾಕಿಪೊಂಪಿಲಸ್ ಅನಾಲಿಸ್ ಇರಬಹುದೆಂದು ನನ್ನ ಊಹೆ. ಆದರೂ ಜಗತ್ತಿನಲ್ಲಿ ಸುಮಾರು 5,000 ಪ್ರಭೇದಗಳಿರುವ ಕುಟುಂಬದಲ್ಲಿ, ಮೇಲಿನಿಂದ ತೆಗೆದ ಒಂದೇ ಚಿತ್ರವನ್ನು ನಂಬಿ ಹೆಸರು ಬರೆದುಕೊಳ್ಳಬೇಡ. ಪ್ರಶ್ನಾರ್ಥಕ ಚಿಹ್ನೆ ಇರಲಿ.

ಇನ್ನು ಮುಂದೆ ಪಕ್ಕದಿಂದಲೂ ಚಿತ್ರ ತೆಗೆ. ಎದೆಯ ಪಕ್ಕದ ಫಲಕವನ್ನು ಅಡ್ಡಲಾಗಿ ಎರಡು ಮಾಡುವ ನೇರ ಗೆರೆ ಕಂಡರೆ ಕುಟುಂಬದ ಬಗ್ಗೆ ಅನುಮಾನ ಉಳಿಯುವುದಿಲ್ಲ. ಮುಳ್ಳುಗಳಿರುವ ನೀಳ ಹಿಂಗಾಲುಗಳು, ಸುರುಳಿಯಾಗುವ ಕುಡಿಮೀಸೆ, ರೆಕ್ಕೆ ಅದುರಿಸುತ್ತ ನೆಲದ ಮೇಲೆ ನಿಲ್ಲದೆ ಓಡುವ ರೀತಿ, ಇವನ್ನು ಬರಿಗಣ್ಣಿಗೇ ಗುರುತಿಸಬಹುದು. ಗೋಡೆಗೆ ಮಣ್ಣಿನ ಗೂಡು ಮೆತ್ತುವ, ನೂಲಿನಂಥ ಸೊಂಟದ ಕಡಜವೂ ಜೇಡಗಳನ್ನೇ ತರುತ್ತದೆ. ಆದರೆ ಅದು ಒಂದೊಂದು ಕೋಣೆಗೆ ಹಲವು ಸಣ್ಣ ಜೇಡಗಳನ್ನು ತುಂಬಿದರೆ, ಇದು ತನ್ನ ಬಿಲದಲ್ಲಿ ಒಂದು ಮರಿಗೆ ಒಂದೇ ಜೇಡವನ್ನು ಇಡುತ್ತದೆ. ಮಣ್ಣು ಕಂಡೊಡನೆ ತೀರ್ಮಾನಿಸಲೂ ಆಗದು, ಏಕೆಂದರೆ ಈ ಕುಟುಂಬದ ಆಪ್ಲೋಪಸ್ ಎಂಬ ಕಡಜಗಳು ಕೂಡ ಮಣ್ಣಿನ ಪುಟ್ಟ ಕೋಣೆಗಳನ್ನು ಕಟ್ಟುತ್ತವೆ ಮತ್ತು ಜೇಡದ ಕಾಲುಗಳನ್ನು ಕತ್ತರಿಸಿ ಸಾಗಿಸುತ್ತವೆ.

ಕಡಜವು ಗೂಡಿಗೆ ತಂದ ಹುಳು ಅದನ್ನೇ ಧ್ಯಾನಿಸುತ್ತ ಕಡಜವಾಗುತ್ತದೆ ಎಂಬ ಭ್ರಮರಕೀಟ ನ್ಯಾಯವನ್ನು ನಿನ್ನ ಮುತ್ತಜ್ಜಿ ನಮಗೆ ಹೇಳುತ್ತಿದ್ದರು. ನಡೆಯುವುದು ಬೇರೆ: ಕುಟುಕಿಗೆ ಜೇಡ ಸಾಯದೆ ನಿಶ್ಚೇಷ್ಟಿತವಾಗುತ್ತದೆ, ಅದರ ಮೈಮೇಲೆ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಅದನ್ನು ತಿಂದು ಬೆಳೆಯುತ್ತದೆ. ಗೂಡಿನಿಂದ ಕಡಜವೇ ಹೊರಬಂದದ್ದನ್ನು ಹಿರಿಯರು ಸರಿಯಾಗಿಯೇ ನೋಡಿದ್ದರು. ಮೊಟ್ಟೆಯೊಂದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಚಿಕ್ಕಂದಿನಲ್ಲಿ ನಾನು ಇಂಥ ಜೇಡವೊಂದನ್ನು ಕಡ್ಡಿಯಿಂದ ಎತ್ತಿಕೊಂಡು ನೋಡುತ್ತ ಕುಳಿತೆ. ಕಡಜ ಬಹಳ ಹೊತ್ತು ಸುತ್ತಮುತ್ತ ಹುಡುಕಿ ಹಾರಿಹೋಯಿತು, ಅದರ ಬಿಲ ಎಲ್ಲಿತ್ತೆಂಬುದು ನನಗೆ ಇಂದಿಗೂ ತಿಳಿಯದು. ನೀನು ಹಾಗೆ ಮಾಡಬೇಡ. ಎರಡು ಮಾರು ದೂರ ಕುಳಿತು ನೋಡು. ಗುಂಪಾಗಿ ಬಾಳುವ ಕಡಜಗಳಂತೆ ಇದು ಅಟ್ಟಿಸಿಕೊಂಡು ಬರುವುದಿಲ್ಲ, ಆದರೆ ಕೈಯಲ್ಲಿ ಹಿಡಿದರೆ ಹೆಣ್ಣಿನ ಕುಟುಕು ಬಹಳ ನೋಯುತ್ತದೆ.

ಬಿಲವನ್ನು ಮೊದಲೇ ತೋಡಿತ್ತೋ, ಜೇಡ ಹಿಡಿದ ಮೇಲೆ ತೋಡಿತೋ ಎಂಬುದನ್ನು ಗಮನಿಸಿ, ಹೊತ್ತು ಮತ್ತು ಜಾಗದೊಂದಿಗೆ ಬರೆದಿಡು. ಬಿಸಿಲು ಬಂದ ದಿನ ಕಣದ ಅದೇ ಅಂಚಿಗೆ ಹೋಗಿ ಹೊಸ ಮಣ್ಣು ಬಿದ್ದಿದೆಯೇ ನೋಡಿ ತಿಳಿಸು.

ಇಂತು,
ನಿನ್ನ ದೊಡ್ಡಪ್ಪ