ಕಡ್ಡಿಯ ಊಟದ ಕುರಿತು ಅಪ್ಪ-ಅಮ್ಮನಿಗೆ

ಕ್ಯೋಟೋ, ಜಪಾನ್
ಜನವರಿ 18

ತೀರ್ಥರೂಪು ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಬೇಡುವ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ. ತೀರ್ಥಹಳ್ಳಿಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಏಪ್ರಿಲಿನಲ್ಲಿ ನೀವು ಬಂದಾಗ ಪಕ್ಕದ ಮನೆಯ ಅಜ್ಜಿ ಊಟಕ್ಕೆ ಕರೆಯಲಿದ್ದಾರೆ ಎಂದು ಫೋನಿನಲ್ಲಿ ತಿಳಿಸಿದಾಗ, "ಕಡ್ಡಿ ಹಿಡಿಯಲು ಬಾರದ ನಾವು ಅವರೆದುರು ಕೈಯಲ್ಲಿ ಉಂಡರೆ ನಿನಗೆ ತಲೆ ತಗ್ಗಿಸಿದಂತಾಗುವುದಿಲ್ಲವೇ?" ಎಂದು ಅಮ್ಮ ಕೇಳಿದ್ದರು. ಖಂಡಿತ ಆಗುವುದಿಲ್ಲ. ಆದರೆ ಅಷ್ಟು ಹೇಳಿದರೆ ಅಮ್ಮನಿಗೆ ಸಮಾಧಾನವಾಗದು ಎಂದು ಗೊತ್ತಿರುವುದರಿಂದ, ಇಲ್ಲಿಯ ಊಟದ ರೀತಿನೀತಿಯಲ್ಲಿ ನಾನು ಕಂಡದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಹಾಶಿ ಎಂದು ಕರೆಯುವ, ತಿನಿಸನ್ನು ಎತ್ತಿ ಬಾಯಿಗಿಡುವ ಈ ಜೋಡಿ ಕಡ್ಡಿಗಳು ಇಲ್ಲಿಯ ಅಡುಗೆಗೆ ಹೊಂದಿಕೊಂಡೇ ಬಂದಿವೆ. ಇಲ್ಲಿಯ ಅಕ್ಕಿ ಗಿಡ್ಡ ಕಾಳಿನದು. ಬೆಂದಾಗ ಅಂಟಿಕೊಳ್ಳುವುದರಿಂದ ಅನ್ನದ ಸಣ್ಣ ತುತ್ತು ಕಡ್ಡಿಯ ತುದಿಯಲ್ಲಿ ನಿಲ್ಲುತ್ತದೆ. ತರಕಾರಿಯನ್ನೆಲ್ಲ ಬಾಯಿಗೆ ಹಿಡಿಯುವಷ್ಟಕ್ಕೆ ಅಡುಗೆಮನೆಯಲ್ಲೇ ಹೆಚ್ಚಿರುತ್ತಾರೆ, ಹಾಗಾಗಿ ಊಟದ ಜಾಗಕ್ಕೆ ಚಾಕು ಬರುವುದಿಲ್ಲ. ಮೀನಿನ ಮುಳ್ಳು ಬಿಡಿಸಲು ಅನುಕೂಲವಾಗಲೆಂದು ತುದಿ ಚೂಪಾಗಿರುತ್ತದೆ. ನಡುವೆ ಇಟ್ಟ ಪಾತ್ರೆಗಳಿಂದ ಎಲ್ಲರೂ ತೆಗೆದುಕೊಳ್ಳುವ ಚೀನಾದಲ್ಲಿ ಕಡ್ಡಿ ಇನ್ನೂ ಉದ್ದ. ಕೊರಿಯಾದಲ್ಲಿ ಅದು ಲೋಹದ್ದು, ಅನ್ನಕ್ಕೆ ಚಮಚವೂ ಉಂಟು. ನಮ್ಮ ಸಾರನ್ನವನ್ನು ಈ ಕಡ್ಡಿಗಳಿಂದ ಯಾರೂ ಉಣ್ಣಲಾರರು, ಅದು ಕೈಯಿಂದ ಕಲಸಿದರೇ ಊಟ. ಇದರಲ್ಲಿ ಹೆಚ್ಚು ಕಡಿಮೆಯ ಮಾತು ಎಲ್ಲಿಂದ ಬಂತು?

ಹಿಡಿಯುವ ಬಗೆಗಿಂತ ಹೇಗೆ ಹಿಡಿಯಬಾರದು, ಎಲ್ಲಿ ಇಡಬಾರದು ಎಂಬುದೇ ಇಲ್ಲಿ ಮುಖ್ಯ. ಒಂದು ಸಂಜೆ ಅಜ್ಜಿಯ ಮನೆಯಲ್ಲಿ ಅವರ ಪುಟ್ಟ ಮೊಮ್ಮಗ ಎರಡೂ ಕಡ್ಡಿಗಳನ್ನು ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಿ ನೀರು ಕುಡಿಯಲು ಎದ್ದ. ಅಜ್ಜಿ ಗದರಲಿಲ್ಲ. ಕಡ್ಡಿಗಳನ್ನು ಮೆಲ್ಲನೆ ಹೊರಗೆಳೆದು, ತುದಿಗೆ ಅಂಟಿದ್ದ ಅಗುಳನ್ನು ಬಟ್ಟಲಿನ ಒಳಗೇ ಬಿಡಿಸಿ, ಪಕ್ಕದಲ್ಲಿದ್ದ ಪುಟ್ಟ ಪಿಂಗಾಣಿ ಆನಿಕೆಯ ಮೇಲೆ ಮಲಗಿಸಿದರು. ಸತ್ತವರ ತಲೆದಿಂಬಿನ ಬಳಿ ಒಂದು ಬಟ್ಟಲು ಅನ್ನವಿಟ್ಟು ಅದರಲ್ಲಿ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸುವ ಪದ್ಧತಿ ಇಲ್ಲಿದೆ, ಆದ್ದರಿಂದ ಬದುಕಿರುವವರ ಊಟದಲ್ಲಿ ಅದು ಕೂಡದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸುವುದೂ ನಿಷಿದ್ಧ. ದಹನದ ನಂತರ ಬಂಧುಗಳು ಇಬ್ಬಿಬ್ಬರಾಗಿ ಕಡ್ಡಿಗಳಿಂದ ಅಸ್ಥಿಯನ್ನು ಎತ್ತಿ, ಕಾಲಿನಿಂದ ಆರಂಭಿಸಿ ತಲೆಯವರೆಗಿನ ಕ್ರಮದಲ್ಲಿ ಕುಂಭಕ್ಕೆ ಹಾಕುತ್ತಾರೆ. ಊಟದಲ್ಲಿ ಕಡ್ಡಿಗೆ ಕಡ್ಡಿ ಸೇರಿದರೆ ಕುಳಿತವರೆಲ್ಲರಿಗೂ ಆ ದಿನವೇ ಕಣ್ಣ ಮುಂದೆ ಬರುತ್ತದೆ. ಇದನ್ನು ಕೇಳಿದಾಗ ನನಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಚಿಕ್ಕವಳಿದ್ದಾಗ ಅನ್ನವನ್ನು ಉಂಡೆ ಕಟ್ಟಿ ಎಲೆಯ ಮೇಲೆ ಸಾಲಾಗಿ ಇಟ್ಟರೆ ನಮ್ಮ ಅಜ್ಜಿ, "ಪಿಂಡ ಇಟ್ಟಂತೆ ಇಡಬೇಡ" ಎಂದು ತಡೆಯುತ್ತಿದ್ದುದು ನಿಮಗೂ ನೆನಪಿರಬೇಕು. ಶ್ರಾದ್ಧದಲ್ಲಿ ಜನಿವಾರ ಬಲ ಹೆಗಲಿಗೆ ಬರುತ್ತದೆ, ಮಿಕ್ಕ ದಿನ ಅದು ಸಲ್ಲದು. ಸತ್ತವರಿಗೆ ಸಂದ ಕ್ರಮವನ್ನು ಅವರಿಗೇ ಮೀಸಲಿಡುವುದರಲ್ಲಿ ಎರಡೂ ನಾಡುಗಳ ಹಿರಿಯರು ಒಂದೇ ರೀತಿ ಕಟ್ಟುನಿಟ್ಟು.

ಅಮ್ಮನಿಗೆ ಇನ್ನೂ ಮೆಚ್ಚುಗೆಯಾಗುವುದು ಎಂಜಲಿನ ವಿಷಯ. ಬಾಯಿಗೆ ತಾಗಿದ ಕಡ್ಡಿಯನ್ನು ಎಲ್ಲರಿಗೂ ಸೇರಿದ ತಟ್ಟೆಗೆ ಹಾಕುವುದು ಇಲ್ಲಿ ಸಭ್ಯತೆಯಲ್ಲ. ಬಡಿಸಿಕೊಳ್ಳಲು ಬೇರೆ ಜೋಡಿ ಇಟ್ಟಿರುತ್ತಾರೆ. ಅನೇಕ ಮನೆಗಳಲ್ಲಿ ಅಪ್ಪನ ಕಡ್ಡಿ, ಅಮ್ಮನ ಕಡ್ಡಿ, ಮಕ್ಕಳ ಕಡ್ಡಿ ಎಂದು ಅನ್ನದ ಬಟ್ಟಲಿನ ಸಮೇತ ಬೇರೆ ಬೇರೆ ಇದ್ದು, ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

ಹೊಸವರ್ಷದ ದಿನ ಅಜ್ಜಿ ನನ್ನನ್ನೂ ಕರೆದಿದ್ದರು. ನನ್ನ ಹೆಸರನ್ನು ಜಪಾನಿ ಲಿಪಿಯಲ್ಲಿ ಬರೆದ ಕಾಗದದ ಲಕೋಟೆಯೊಳಗೆ ಬಿಳಿಯ ಕಡ್ಡಿಗಳಿದ್ದವು. ವಿಲೋ ಮರದ ಈ ಕಡ್ಡಿಗಳು ಎರಡೂ ತುದಿಗಳಲ್ಲಿ ಸಪೂರವಾಗಿರುತ್ತವೆ: ಒಂದು ತುದಿ ನಮಗೆ, ಇನ್ನೊಂದು ಮನೆಗೆ ಬರುವ ವರ್ಷದ ದೇವರಿಗೆ. ದೇವರ ತುದಿಯನ್ನು ನಾವು ಬಾಯಿಗೆ ಇಡಬಾರದು. ನಾವು ನೈವೇದ್ಯ ಮಾಡಿ, ದೇವರು ಉಂಡ ಮೇಲೆ ಪ್ರಸಾದವೆಂದು ಉಣ್ಣುತ್ತೇವೆ; ಇವರು ದೇವರೊಡನೆ ಒಂದೇ ಕಡ್ಡಿ ಹಿಡಿದು ಕೂಡಿ ಉಣ್ಣುತ್ತಾರೆ. ಬಿಳಿ ಮಿಸೋ ಎಂಬ ಹುದುಗಿಸಿದ ಸೋಯಾ ಹಿಟ್ಟಿನ ಸಾರಿನಲ್ಲಿ ದುಂಡನೆಯ ಅಕ್ಕಿ ಕಡುಬು ತೇಲುತ್ತಿದ್ದ ಬಟ್ಟಲನ್ನು ಎದುರಿಗಿಟ್ಟುಕೊಂಡು ಆ ಮಾತು ಕೇಳಿದಾಗ ನನಗೆ ಮನಸ್ಸು ತುಂಬಿ ಬಂತು. 2013ರಲ್ಲಿ ಯುನೆಸ್ಕೋ ಜಪಾನೀಯರ ಆಹಾರ ಸಂಪ್ರದಾಯವನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೊಸವರ್ಷದ ಆಚರಣೆಯನ್ನು ವಿಶೇಷವಾಗಿ ಹೆಸರಿಸಿತ್ತು; ಅದು ಸರಿಯಾದ ಆಯ್ಕೆ ಎಂದೇ ನನ್ನ ಭಾವನೆ.

ನಮ್ಮಲ್ಲಿಗಿಂತ ಪೂರ್ತಿ ಬೇರೆಯಾದವುಗಳೂ ಇವೆ. ನಮ್ಮಲ್ಲಿ ಉಣ್ಣುವಾಗ ಎಡಗೈಗೆ ಕೆಲಸವಿಲ್ಲ. ಇಲ್ಲಿ ಎಡಗೈ ಅನ್ನದ ಬಟ್ಟಲನ್ನು ಎತ್ತಿ ಹಿಡಿದಿರಬೇಕು. ಬಟ್ಟಲನ್ನು ಕೆಳಗಿಟ್ಟು ಅದರತ್ತ ಮುಖ ಬಗ್ಗಿಸಿದರೆ ನಾಯಿ ಉಂಡಂತೆ ಎನ್ನುತ್ತಾರೆ. ಸೋಬಾ ಎಂಬ ಶ್ಯಾವಿಗೆಯನ್ನು ಸೊರ್ರೆಂದು ಸದ್ದು ಮಾಡಿ ಎಳೆದುಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ, ಆದರೆ ಊಟದ ನಡುವೆ ಮೂಗು ಸೀನಿಕೊಂಡರೆ ಬೇಸರಪಡುತ್ತಾರೆ. ನಮ್ಮಲ್ಲಿಯಂತೆ "ಇನ್ನೊಂದು ಹೋಳಿಗೆ" ಎಂಬ ಬಲವಂತದ ಉಪಚಾರವನ್ನು ನಾನು ಇಲ್ಲಿ ಕಂಡಿಲ್ಲ. ಅದು ನನಗೆ ಈಗಲೂ ಕೊರತೆಯೆಂದೇ ಅನ್ನಿಸುತ್ತದೆ. ಬಡಿಸಿದ್ದನ್ನು ಮಾತ್ರ ಒಂದು ಅಗುಳೂ ಬಿಡದೆ ಉಣ್ಣಬೇಕು. 13ನೆಯ ಶತಮಾನದಲ್ಲಿ ಎಯ್ಹೆಯ್‌ಜಿ ಎಂಬ ಝೆನ್ ಬೌದ್ಧ ಮಠವನ್ನು ಸ್ಥಾಪಿಸಿದ ದೋಗೆನ್ ಗುರುಗಳು ಭಿಕ್ಷುಗಳ ಊಟಕ್ಕೆಂದೇ ವಿಧಿಗಳನ್ನು ಬರೆದಿಟ್ಟಿದ್ದಾರೆ. ಝೆನ್ ಮಠಗಳಲ್ಲಿ ಇಂದಿಗೂ ಮೌನವಾಗಿ ಉಂಡು, ಬಟ್ಟಲಿಗೆ ಬಿಸಿನೀರು ಹಾಕಿ, ಮೂಲಂಗಿ ಉಪ್ಪಿನಕಾಯಿಯ ಹೋಳಿನಿಂದ ಒಳಗೆಲ್ಲ ಒರೆಸಿ, ಆ ನೀರನ್ನೂ ಕುಡಿಯುವ ರೂಢಿ ಇದೆ.

ಅಜ್ಜಿಯ ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟೇ. ಮೊದಲು ಕೊಡುವ ಒದ್ದೆ ಬಟ್ಟೆಯಿಂದ ಕೈ ಮಾತ್ರ ಒರೆಸಿಕೊಳ್ಳಿ, ಮುಖ ಬೇಡ. ಉಣ್ಣುವ ಮುನ್ನ ಅವರು ಕೈಜೋಡಿಸಿ "ಇತದಾಕಿಮಾಸ್" (ವಿನಯದಿಂದ ಸ್ವೀಕರಿಸುತ್ತೇನೆ) ಎಂದಾಗ ನೀವೂ ಕೈಜೋಡಿಸಿ. ಅಪ್ಪ ಬೇಕಿದ್ದರೆ "ಹರ ಹರ ಮಹಾದೇವ" ಎನ್ನಲಿ, ಅಜ್ಜಿಗೆ ಸಂತೋಷವೇ ಆಗುತ್ತದೆ. ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳದೆ ಪಕ್ಕದವರ ಲೋಟ ತುಂಬಿಸಿ, ನಿಮ್ಮದನ್ನು ಅವರು ತುಂಬಿಸುತ್ತಾರೆ. ನಾವು ಸಸ್ಯಾಹಾರಿಗಳೆಂದು ತಿಳಿಸಿದ್ದೇನೆ. ಇಲ್ಲಿಯ ಸಾರಿಗೆ ಸಾಮಾನ್ಯವಾಗಿ ಒಣಮೀನಿನ ರಸ ಬೀಳುತ್ತದೆ, ಆದರೆ ಅಂದು ಮಠದ ಅಡುಗೆಯಂತೆ ಕೊಂಬು ಎಂಬ ಕಡಲಪಾಚಿಯನ್ನೂ ಒಣ ಅಣಬೆಯನ್ನೂ ನೆನೆಸಿ ರಸ ತೆಗೆಯುವುದಾಗಿ ಅವರಾಗಿಯೇ ಹೇಳಿದ್ದಾರೆ. ಕಡ್ಡಿ ಕೈಗೆ ಹತ್ತದಿದ್ದರೆ ಚಮಚ ಕೇಳಬಹುದು. ಒನಿಗಿರಿ ಎಂಬ ಅನ್ನದ ಮುದ್ದೆಯನ್ನು ಇಲ್ಲಿಯವರೂ ಕೈಯಲ್ಲೇ ತಿನ್ನುತ್ತಾರೆ.

ಮರುದಿನ ಅಜ್ಜಿಯನ್ನು ನಮ್ಮ ಮನೆಗೆ ಕರೆಯೋಣ. ಕೈಯಲ್ಲಿ ಉಣ್ಣುವುದನ್ನು ತಮಗೂ ಕಲಿಸಬೇಕೆಂದು ಅವರು ಕೇಳಿಕೊಂಡಿದ್ದಾರೆ. ಸಾರನ್ನ ಕಲಸುವ ಹದವನ್ನು ಅಮ್ಮನೇ ತೋರಿಸಿಕೊಟ್ಟರೆ ಚೆನ್ನ. ಅವರಿಗೆ ಖಾರ ಅಭ್ಯಾಸವಿಲ್ಲ, ಆದ್ದರಿಂದ ಸಾರಿನ ಪುಡಿಗೆ ಈ ಸಲ ಬ್ಯಾಡಗಿ ಮೆಣಸನ್ನಷ್ಟೇ ಹಾಕಿ, ಅದನ್ನೂ ಸ್ವಲ್ಪ ಕಡಿಮೆ ಮಾಡಿ ಹುರಿದು ತನ್ನಿ.

ಇಂತಿ ನಿಮ್ಮ ಪ್ರೀತಿಯ ಮಗಳು