ಬಳ್ಳಾರಿಯ ಅಳಿಯನಿಗೆ, ಒಂದು ದಿನದ ಅಂಗಡಿಯ ಬಗ್ಗೆ

ಕೊಪ್ಪಳ

ಚಿರಂಜೀವಿ ಅಳಿಯನಿಗೆ ಸೋದರತ್ತೆಯ ಆಶೀರ್ವಾದಗಳು.

ಒಂದು ದಿನ ತಳ್ಳುಗಾಡಿಯಲ್ಲಿ ಮಾರಿ ನೋಡಲೆಂದು ನೀನು ಮೊಬೈಲಿನಲ್ಲಿ ಕಳುಹಿಸಿದ ತಿಂಡಿಗಳ ಪಟ್ಟಿಯನ್ನು ನಮ್ಮ ಖಾನಾವಳಿಯ ಹೆಣ್ಣುಮಕ್ಕಳಿಗೆಲ್ಲ ಓದಿ ಹೇಳಿದೆ. ರೊಟ್ಟಿ ರೋಲ್, ರೊಟ್ಟಿ ಪಿಜ್ಜಾ, ಚೀಸ್ ಒಗ್ಗರಣೆಯವರೆಗೆ ಎಲ್ಲರೂ ಗಂಭೀರವಾಗಿಯೇ ಕೇಳಿಸಿಕೊಂಡರು. ಚಾಕೊಲೇಟ್ ಮಿರ್ಚಿ ಎಂದಾಗ ರೊಟ್ಟಿ ಬಡಿಯುವ ಕೈಗಳು ನಿಂತವು. ಓದಿದ ಹುಡುಗನಿಗೆ ತಳ್ಳುಗಾಡಿ ಯಾಕೆ ಎಂದು ನಿನ್ನ ಅಪ್ಪ ಕೂಗಾಡಿದನಂತೆ. ಅವನ ಕಾಲೇಜಿನ ಫೀ ಯಾವ ಒಲೆಯ ಮೇಲಿನಿಂದ ಬಂತು ಎಂದು ಒಮ್ಮೆ ಕೇಳಿ ನೋಡು.

ಒಂದು ದಿನ ಮಾಡಿ ನೋಡುತ್ತೇನೆ ಎಂದಿದ್ದೀಯ, ಅದು ನನಗೆ ಹಿಡಿಸಿತು. ಆದರೆ ಆ ದಿನ ಮುಗಿದಾಗ ನಿನಗೆ ಏನು ಗೊತ್ತಾಗಿರಬೇಕು ಎಂಬುದನ್ನು ಈಗಲೇ ತೀರ್ಮಾನಿಸಿಕೊ. ಬಳ್ಳಾರಿಯವರಿಗೆ ಸಂಜೆಯಾದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಬೇಕು. ಗಡಿ ದಾಟಿ ಅನಂತಪುರಕ್ಕೆ ಹೋದರೂ ಉಗ್ಗಾನಿ, ಬಜ್ಜಿ ಎಂದು ಅದನ್ನೇ ತಿನ್ನುತ್ತಾರೆ. ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುವ ಆ ತಿಂಡಿಯನ್ನು ಬಿಟ್ಟು, ನಿನ್ನ ಮುಖ ಪರಿಚಯವೇ ಇಲ್ಲದವನೊಬ್ಬ ನಿನ್ನ ಬಂಡಿಯ ಮುಂದೆ ನಿಂತು ಪೂರ್ತಿ ಬೆಲೆ ಕೊಡುತ್ತಾನೆಯೇ? ತಿಳಿಯಬೇಕಾದದ್ದು ಇಷ್ಟೇ. ಲಾಭ ಎಷ್ಟಾಯಿತು ಎಂಬುದು ಆಮೇಲಿನ ಮಾತು.

ಪಟ್ಟಿಯಲ್ಲಿ ಒಂದನ್ನು ಮಾತ್ರ ಉಳಿಸಿಕೊ. ರೊಟ್ಟಿ ರೋಲಿನ ಮೇಲೆ ನಿನಗೆ ಆಸೆ ಹೆಚ್ಚು ಎಂದು ಕಾಣುತ್ತದೆ, ಹಾಗಾಗಿ ಅದರ ಕಷ್ಟವನ್ನು ಬಿಡಿಸಿ ಹೇಳುತ್ತೇನೆ. ಗೋಧಿಯ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಕೈಗೆ ಬರುತ್ತದೆ. ಹಂಚಿನಿಂದ ಇಳಿಸಿದಾಗ ರೊಟ್ಟಿ ಸುರುಳಿ ಸುತ್ತುವಷ್ಟು ಮೆತ್ತಗಿರುತ್ತದೆ, ಆರಿದ ಮೇಲೆ ಮಡಿಕೆ ಬಿದ್ದಲ್ಲೇ ಸೀಳುತ್ತದೆ, ಒಳಗಿನ ಎಣ್ಣೆಗಾಯಿ ಗಿರಾಕಿಯ ಅಂಗಿಯ ಮೇಲಿರುತ್ತದೆ. ಸೀಳದಂತೆ ಮೈದಾ ಬೆರೆಸು ಎಂದು ಯಾರಾದರೂ ಬುದ್ಧಿ ಹೇಳುತ್ತಾರೆ. ಬೆರೆಸಿದರೆ ಫಲಕದ ಮೇಲೆ ಜೋಳದ ರೊಟ್ಟಿ ಎಂದು ಬರೆಯಬೇಡ. ಬಿಸಿ ರೊಟ್ಟಿಯನ್ನು ಅಲ್ಲೇ ಬಡಿದು ಕೊಡುತ್ತೇನೆ ಎನ್ನುವಷ್ಟು ಕೈ ನಿನಗೆ ಪಳಗಿಲ್ಲ, ಬೇಸರ ಮಾಡಿಕೊಳ್ಳಬೇಡ.

ಖಡಕ್ ರೊಟ್ಟಿ ಚಾಟ್ ಎಂದು ಪಟ್ಟಿಯ ಕೊನೆಯಲ್ಲಿ ಬರೆದಿದ್ದೀಯಲ್ಲ, ಬುದ್ಧಿ ಓಡಿದ್ದು ಅಲ್ಲಿ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ. ಮುರಿದು ಹಾಕಿ, ಮೇಲೆ ಮೊಳಕೆ ಬರಿಸಿದ ಮಡಕಿ ಕಾಳು, ಹೆಚ್ಚಿದ ಈರುಳ್ಳಿ, ಸೌತೆಕಾಯಿ, ಗಟ್ಟಿ ಮೊಸರು, ಶೇಂಗಾ ಚಟ್ನಿ ಪುಡಿ. ಗುರೆಳ್ಳು ಪುಡಿಯನ್ನು ಕೇಳಿದವರಿಗೆ ಮಾತ್ರ ಹಾಕು, ಅದರ ಕಹಿ ಎಲ್ಲರಿಗೂ ಒಗ್ಗುವುದಿಲ್ಲ. ಕಾಳನ್ನು ಹಸಿಯಾಗಿ ಹಾಕದೆ ಚೆನ್ನಾಗಿ ಬೇಯಿಸಿ ಒಗ್ಗರಣೆ ಕೊಡು. ಮೊಸರು ಬಿದ್ದೊಡನೆ ರೊಟ್ಟಿ ನೆನೆಯಲು ತೊಡಗುತ್ತದೆ, ಆದ್ದರಿಂದ ಗಿರಾಕಿ ಎದುರಿಗೆ ನಿಂತ ಮೇಲೆಯೇ ಕಲಸು. ಒಂದಿಷ್ಟು ತಯಾರಿಸಿ ಸಾಲಾಗಿ ಇಟ್ಟರೆ ಕೊನೆಗೆ ಮಾರುವುದು ಮೊಸರು ಮುದ್ದೆಯನ್ನು. ಬಳ್ಳಾರಿಯ ಬಿಸಿಲಿನಲ್ಲಿ ಮೊಸರು ಹುಳಿಯಾಗಲು ಹೆಚ್ಚು ಹೊತ್ತು ಬೇಡ, ಮಂಜುಗಡ್ಡೆಯ ಡಬ್ಬಿ ಇರಲಿ.

ಚಟ್ನಿ ಕೆಂಪಗೆ ಕಾಣಲು ಬಣ್ಣ ಹಾಕಬಹುದೇ ಎಂದು ಕೇಳಿದ್ದೀಯ. ಬೇಡವೇ ಬೇಡ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ನಿನಗೂ ನೆನಪಿರಬೇಕು. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ರುಬ್ಬು, ಬಣ್ಣ ಬೇಕಾದಷ್ಟು ಬರುತ್ತದೆ, ಖಾರವೂ ಮಿತವಾಗಿರುತ್ತದೆ. ಕೊಡುವುದು ಮುತ್ತಲ ಎಲೆಯ ದೊನ್ನೆಯಲ್ಲಿ. ಪ್ಲಾಸ್ಟಿಕ್ ತಟ್ಟೆಗೆ 2022ರಿಂದ ದೇಶದಲ್ಲೇ ನಿಷೇಧವಿದೆ, ಹಳೆಯ ಪತ್ರಿಕೆಯ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ. ಮನೆಯ ಕೆಂಪು ಸಿಲಿಂಡರನ್ನು ಬಂಡಿಗೆ ಒಯ್ಯಬೇಡ, ಅದು ಅಡುಗೆಮನೆಗೆಂದೇ ಕೊಟ್ಟದ್ದು. ಕಾಳನ್ನು ಮನೆಯಲ್ಲೇ ಬೇಯಿಸಿ ತಂದರೆ ಅಲ್ಲಿ ಒಲೆಯೇ ಬೇಕಾಗುವುದಿಲ್ಲ. ಆಹಾರ ಸುರಕ್ಷತೆಯ ನೋಂದಣಿ ಸಣ್ಣ ಬಂಡಿಗೂ ಇದೆ, ಅದನ್ನು ಮೊದಲು ಮಾಡಿಸು.

ಈಗ ಜಾಗದ ಮಾತು. ನಮ್ಮೂರ ಗವಿಮಠದ ಜಾತ್ರೆಗೆ ಬಂದು ಬಂಡಿ ಹಾಕಲೇ ಎಂದಿದ್ದೀಯ. ಜಾತ್ರೆಯಲ್ಲಿ ನಡೆದು ದಣಿದವರು ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ, ಅದರಿಂದ ನಿನಗೆ ಏನೂ ತಿಳಿಯುವುದಿಲ್ಲ. ಮೇಲಾಗಿ ಮಹಾದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿದು ಬಂದವರಿಗೆಲ್ಲ ಬಡಿಸುವ ಊರು ಇದು. ಅದರ ಪಕ್ಕದಲ್ಲಿ ದೊನ್ನೆಗೆ 40 ರೂಪಾಯಿ ಎಂದು ಕೂಗಲು ಎಂಟೆದೆ ಬೇಕು. ನಿನ್ನ ಪರೀಕ್ಷೆ ಬಳ್ಳಾರಿಯಲ್ಲೇ, ಸಾಮಾನ್ಯ ವಾರದ ಸಂಜೆಯಲ್ಲೇ ಆಗಲಿ. ಗಡಗಿ ಚನ್ನಪ್ಪ ವೃತ್ತದ ಗದ್ದಲ ನಿನಗೆ ಬೇಡ. ಜೀನ್ಸ್ ಹೊಲಿಯುವ ಘಟಕಗಳಿಂದ ಜನ ಕೆಲಸ ಬಿಟ್ಟು ಬರುವ ದಾರಿಯಲ್ಲಿ ಪರಿಚಯದ ಅಂಗಡಿ ಇದ್ದರೆ ಕೇಳು, ಅವರ ಕಟ್ಟೆಯ ಮೇಲೆ ನಿಲ್ಲು. ರಸ್ತೆಯ ಬದಿಯೆಂದರೆ ಯಾರದ್ದೂ ಅಲ್ಲದ ಜಾಗ ಎಂದುಕೊಳ್ಳಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ, ಪ್ರಮಾಣಪತ್ರ ಎಲ್ಲ ಇವೆ. ಅಲ್ಲಿ ವರ್ಷಗಳಿಂದ ಮಿರ್ಚಿ ಕರಿಯುವ ಹೆಂಗಸಿನ ಹೊಟ್ಟೆಪಾಡನ್ನು ನಿನ್ನ ಒಂದು ದಿನದ ಉಮೇದು ತಟ್ಟಬಾರದು. ಹಿಂದಿನ ದಿನ ಹೋಗಿ ಅವಳ ಹತ್ತಿರ ಮಿರ್ಚಿ ತಿಂದು, ನಾಳೆ ಇಲ್ಲಿ ಹತ್ತಿರ ನಿಲ್ಲುತ್ತೇನೆ ಎಂದು ಹೇಳಿ ಬಾ.

ಲೆಕ್ಕವನ್ನು ರಾತ್ರಿಯೇ ಬರೆ. ಉದಾಹರಣೆಗೆ ಒಂದು ದೊನ್ನೆಗೆ ರೊಟ್ಟಿ 10 ರೂಪಾಯಿ, ಕಾಳು, ಮೊಸರು, ಈರುಳ್ಳಿ, ಪುಡಿ ಸೇರಿ 13, ದೊನ್ನೆ 3. ಒಟ್ಟು 26. ಮಾರಿದ್ದು 40ಕ್ಕೆ, ಉಳಿದದ್ದು 14. 60 ದೊನ್ನೆ ಹೋದರೆ 840. ಕೇಳಲು ಚೆನ್ನಾಗಿದೆ. ಇನ್ನು 10 ದೊನ್ನೆಯ ಸಾಮಾನು ಉಳಿದು ಹಾಳಾಯಿತು ಎನ್ನು, 260 ಹೋಯಿತು, 580 ಉಳಿಯಿತು. ಆಟೋ ಬಾಡಿಗೆ, ಮಂಜುಗಡ್ಡೆ, ಕುಡಿಯುವ ನೀರಿನ ಕ್ಯಾನ್ ಎಲ್ಲ ಇದರಲ್ಲೇ. ನಿನಗೆ ನೆರವಾಗಲು ಬರುವ ಗೆಳೆಯರಿಬ್ಬರಿಗೆ ಕೂಲಿ ಇಲ್ಲ, ಪ್ರೀತಿಗೆ ಬರುತ್ತಾರೆ, ಸರಿ. ಪ್ರತಿದಿನ ಬಾ ಎಂದರೆ ಬರುತ್ತಾರೆಯೇ? ಅವರ ಕೂಲಿಯನ್ನೂ ನಿನ್ನ ಕೂಲಿಯನ್ನೂ ಕಾಗದದ ಮೇಲಾದರೂ ಹಾಕು. ಆಗ ಕೆಳಗಿನ ಸಾಲಿನಲ್ಲಿ ಏನೂ ಉಳಿಯದಿದ್ದರೆ ಹೆದರಬೇಡ. ಬೆಲೆ ಏರಿಸಬೇಕೋ, ಒಂದು ರೊಟ್ಟಿಯ ಬದಲು ಮುಕ್ಕಾಲು ರೊಟ್ಟಿ ಸಾಕೋ ಎಂಬ ಯೋಚನೆ ಶುರುವಾಗುವುದೇ ಆ ಸಾಲಿನಿಂದ.

ಗೆಳೆಯರು, ನೆಂಟರು ತಿಂದದ್ದನ್ನು ಬೇರೆ ಹಾಳೆಯಲ್ಲಿ ಬರೆ. ಅವರು ಚೆನ್ನಾಗಿದೆ ಎನ್ನುತ್ತಾರೆ, ಫೋಟೊ ತೆಗೆಯುತ್ತಾರೆ, ನಿನ್ನ ಅಮ್ಮನಂತೂ ಎರಡು ದೊನ್ನೆ ತಿಂದು ಕಣ್ಣೀರು ಹಾಕುತ್ತಾಳೆ. ನೀನು ನೋಡಬೇಕಾದದ್ದು ಗುರುತಿಲ್ಲದವನು ದೊನ್ನೆಯ ತಳದಲ್ಲಿ ಏನು ಬಿಟ್ಟು ಹೋದ ಎಂಬುದನ್ನು. ರೊಟ್ಟಿಯ ಚೂರು ಉಳಿದಿದ್ದರೆ ಗಟ್ಟಿಯಾಗಿತ್ತು, ಕಾಳು ಉಳಿದಿದ್ದರೆ ಖಾರವೋ ಉಪ್ಪೋ ತಪ್ಪಿತ್ತು. ಕಸದ ಬುಟ್ಟಿಯನ್ನು ನೀನೇ ಖಾಲಿ ಮಾಡು, ಬೇರೆಯವರಿಗೆ ಬಿಡಬೇಡ.

ರೊಟ್ಟಿಯನ್ನು ನಾನೇ ಮಾಡಿಸಿ ಬಸ್ಸಿನಲ್ಲಿ ಕಳುಹಿಸುತ್ತೇನೆ. ಸಾಮಾನ್ಯ ಅಳತೆಗಿಂತ ತೆಳ್ಳಗೆ ಬಡಿಯಲು ಹೇಳುತ್ತೇನೆ, ಚಾಟ್‌ಗೆ ಅದೇ ಸರಿ. ಯಾವ ದಿನ, ಎಷ್ಟು ಬೇಕು ಎಂದು ನಾಲ್ಕು ದಿನ ಮುಂಚೆ ತಿಳಿಸು, ಒಣಗಲು ಹೊತ್ತು ಬೇಕು. ಬಿಲ್ಲು ರೊಟ್ಟಿಯ ಪೆಟ್ಟಿಗೆಯಲ್ಲೇ ಇರುತ್ತದೆ, ಬೇರೆ ಗಿರಾಕಿಗಳಿಗೆ ಹಾಕುವ ದರವೇ ನಿನಗೂ. ಅತ್ತೆ ಪುಕ್ಕಟೆ ಕೊಟ್ಟಳೆಂದರೆ ನಿನ್ನ ಆ 10 ರೂಪಾಯಿಯ ಲೆಕ್ಕವೇ ಸುಳ್ಳಾಗುತ್ತದೆ. ಹಣವನ್ನು ಮಾರಾಟ ಮುಗಿದ ಮರುದಿನ ಕಳುಹಿಸಿದರೂ ನಡೆಯುತ್ತದೆ.

ನಿನ್ನ ಸೋದರತ್ತೆ