ಹಂಚಿನ ಮೇಲಿನ 1865ನ್ನು ನಂಬಬೇಡ

ಪ್ರೀತಿಯ ಗೆಳೆಯಾ,

ಕಾಸರಗೋಡು ಪೇಟೆಯ ಆ ಮಾಳಿಗೆ ಅಂಗಡಿಯ ಚರಿತ್ರೆ ಬರೆಯಲು ಹೊರಟಿದ್ದಿ, ಸಂತೋಷ. ಆದರೆ ಹಂಚಿನ ಹಿಂಬದಿ ‘1865’ ಅಂತ ಇದೆ, ಕಟ್ಟಡವೂ ಅಷ್ಟೇ ಹಳತು ಅಂತ ಮಾತ್ರ ಬರೆಯಬೇಡ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ ಅದು. ಆಮೇಲೆ ಎಷ್ಟೋ ಕಾಲ ಅದೇ ಮುದ್ರೆ ಬಿತ್ತು. ‘ಕಾಮನ್‌ವೆಲ್ತ್ ಟ್ರಸ್ಟ್’ ಅಂತಿದ್ದರೆ ಮೊದಲನೇ ಮಹಾಯುದ್ಧದಲ್ಲಿ ಮಿಶನ್‌ನ ಕಾರ್ಖಾನೆಗಳು ಕೈಬದಲಾದ ನಂತರದ್ದು. ಮತ್ತೆ, ನಮ್ಮ ಕಡೆ ಒಂದು ಮಾಡಿನ (ಸೂರಿನ) ಹಂಚು ಇನ್ನೊಂದು ಮಾಡಿಗೆ ಹೋಗುವುದು ಹೊಸತೇ?

ಮಾಡಿಗಿಂತ ಅದರ ಕೆಳಗಿನದ್ದು ಹೆಚ್ಚು ಹೇಳುತ್ತದೆ. ಅಟ್ಟದ ತೊಲೆಗೆ ಓರೆಯಾಗಿ ಟಾರ್ಚ್ ಹಿಡಿ: ಗರಗಸದ ಗೆರೆ ನೇರವಾಗಿ, ಅಂತರ ಹೆಚ್ಚುಕಡಿಮೆಯಾಗಿದ್ದರೆ ಕೈಯಲ್ಲಿ ಕೊಯ್ದ ಮರ; ಬಿಲ್ಲಿನಂತೆ ಬಾಗಿದ್ದರೆ ಮಿಲ್ಲಿನದ್ದು. ಬಾಗಿಲ ಮೇಲೆ ಹಳೆ ರೈಲು ಕಂಬಿ ಇಟ್ಟಿದ್ದರೆ ತಂತಿ ಬ್ರಷ್ಷಿನಿಂದ ಬಣ್ಣ ಉಜ್ಜಿ ನೋಡು, ಬದಿಯಲ್ಲಿ ಉಬ್ಬಕ್ಷರದಲ್ಲಿ ತಯಾರಕರ ಹೆಸರು, ಇಸವಿ ಸಿಕ್ಕೀತು. ಆ ಬಾಗಿಲು ಅದಕ್ಕಿಂತ ಹಳತಲ್ಲ, ಅಷ್ಟೇ ಹೇಳಬಹುದು. ಮಂಗಳೂರಿಗೆ ರೈಲು ಮುಟ್ಟಿದ್ದೇ 1907ರಲ್ಲಿ. ಶಟರ್ ಇದ್ದರೆ ಹೊಸ್ತಿಲು ನೋಡು: ಹಲಗೆ ಬಾಗಿಲು ಸರಿಸುತ್ತಿದ್ದ ಉದ್ದದ ಕೊರಕಲು ಇನ್ನೂ ಇದ್ದರೆ ಶಟರ್ ಆಮೇಲೆ ಬಂದದ್ದು.

ನಿಜವಾದ ಕೆಲಸ ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಕದದ ನಂಬ್ರ ಹಿಡಿದು ಹೋಗಬೇಡ, ವಾರ್ಡು ಬದಲಾದಾಗ ಅದೂ ಬದಲಾಗುತ್ತದೆ. ಸರ್ವೆ ನಂಬ್ರ ಹಿಡಿ, ಮರುಸರ್ವೆ ಆಗಿದ್ದರೆ ಹಳೆಯದನ್ನೂ ಕೇಳು. ಹೆಚ್ಚಿನವರು ಎಡವುವುದು ಮೂಲಗೇಣಿಯಲ್ಲಿ. ಜಾಗ ಒಬ್ಬರದ್ದು, ಖಾಯಂ ಗೇಣಿಗೆ ಹಿಡಿದು ಕಟ್ಟಡ ಕಟ್ಟಿದವರು ಇನ್ನೊಬ್ಬರು. ಧನಿಯ ಹೆಸರಲ್ಲಿ ಮಾತ್ರ ಹುಡುಕಿದರೆ ಅಂಗಡಿಯ ಸುದ್ದಿಯೇ ಇರುವುದಿಲ್ಲ, ಬರೀ ಹಿತ್ತಿಲು. ಗೇಣಿ ಹಕ್ಕು ಮಾರಿದ ಪತ್ರಗಳನ್ನು ಬೇರೆಯೇ ತೆಗೆಸು. ಒಂದು ಪತ್ರದಲ್ಲಿ ‘ಖಾಲಿ ಸ್ಥಳ’, ಮುಂದಿನದರಲ್ಲಿ ‘ಕಟ್ಟೋಣ ಸಹಿತ’ ಅಂತ ಕಂಡರೆ ಕಟ್ಟಿದ್ದು ಆ ಎರಡರ ನಡುವೆ. ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ ವಿವರ) ಪೂರ್ತಿ ಬರೆದುಕೋ, ಪಕ್ಕದ ಅಂಗಡಿಯವರ ಪತ್ರದಲ್ಲಿ ನಿನ್ನ ಕಟ್ಟಡವೇ ಗಡಿಯಾಗಿ ಬಂದಿರುತ್ತದೆ.

ತಾರೀಕು ಹರಿದ ಬಾಡಿಗೆ ಚೀಟಿ ಸಿಕ್ಕಿದರೆ ಬಿಸಾಡಬೇಡ. ಆಣೆ, ಪೈ ಲೆಕ್ಕವಿದ್ದರೆ ಸಾಮಾನ್ಯವಾಗಿ 1957ರ ಎಪ್ರಿಲ್‌ಗೆ ಮೊದಲಿನದ್ದು. ‘ನಯಾ ಪೈಸೆ’ ಇದ್ದರೆ 1957ರಿಂದ 1964ರ ಆಸುಪಾಸು. ಊರಿನ ತಲೆಬರಹವೂ ಹಾಗೆಯೇ: ದಕ್ಷಿಣ ಕನ್ನಡ ಜಿಲ್ಲೆ ಅಂದರೆ 1956ರ ನವೆಂಬರ್ 1ಕ್ಕೆ ಹಿಂದೆ, ಕಾಸರಗೋಡು ಜಿಲ್ಲೆ ಅಂದರೆ 1984ರ ಮೇ ತಿಂಗಳ ಈಚೆ. ನಕಲು ಪ್ರತಿಯಾದರೆ ಹುಷಾರು, ಮೇಲಿನ ಮೊಹರು ನಕಲು ಕೊಟ್ಟ ದಿನದ್ದು.

ಮಳೆಗೆ ಮೊದಲು ಹಂಚು ಇಳಿಸುವವರು ಬರುವ ದಿನ ಕೇಳಿಟ್ಟುಕೋ. ಹಂಚಿನ ಅಡಿಯ ಮರಗಳಾದ ಪಕ್ಕಾಸು, ರೀಪು ಬಿಚ್ಚಿ ಕಾಣುವುದು ಆವಾಗ ಮಾತ್ರ. ಗೆದ್ದಲು ಹಿಡಿದದ್ದನ್ನು ಅವರು ಅಂದೇ ಕಿತ್ತು ಹೊಸತು ಹೊಡೆಯುತ್ತಾರೆ.

ಇಂತಿ,
ನಿನ್ನ ಗೆಳೆಯ